ಕುವೆಂಪುನಗರದಲ್ಲಿ ಕೋರಿ ರೊಟ್ಟಿ

ಕುವೆಂಪುನಗರದ ಈ ಸಣ್ಣ ಕರಾವಳಿ ಹೋಟೆಲಿಗೆ ಹೋದರೆ ಮೊದಲು ಕೋರಿ ರೊಟ್ಟಿ ಹೇಳಿ. ಕರಾವಳಿಯ ಬಂಟ ಸಮುದಾಯದ ಮನೆಗಳಲ್ಲಿ ನಂಟರು ಬಂದಾಗ ಮಾಡುವ ಅಡುಗೆ ಇದು. ಕುಚ್ಚಲಕ್ಕಿ ರೊಟ್ಟಿ ಹಪ್ಪಳದ ಹಾಗೆ ಗರಿಗರಿ. ಮುರಿದು ಹಾಕಿ, ಮೇಲೆ ಬಿಸಿ ಕೋಳಿ ಸಾರು ಸುರಿದರೆ ಅರ್ಧ ನೆನೆಯುತ್ತೆ, ಅರ್ಧ ಕುರುಂ ಅನ್ನುತ್ತೆ. ಆಗಲೇ ತಿಂದುಬಿಡಬೇಕು. ಫೋಟೊ ತೆಗೆಯುತ್ತಾ ಕೂತರೆ ಎಲ್ಲಾ ಮೆತ್ತಗಾಗುತ್ತೆ. ಸಾರಿನ ಕೆಂಪು ನೋಡಿ ಹೆದರಬೇಡಿ. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಜಾಸ್ತಿ, ಖಾರ ಕಮ್ಮಿ. ತೆಂಗಿನಹಾಲೂ ಇದೆಯಲ್ಲ.

ಬಂಗುಡೆ ಮೀನಿನ ಹುಳಿಖಾರದ ಪುಳಿಮುಂಚಿಯಲ್ಲಿ ಹುಣಸೆಹುಳಿ ಚೆನ್ನಾಗಿ ಹಿಡಿದಿತ್ತು. ಮೀನು ಮಾತ್ರ ಐಸಿನಲ್ಲೇ ಹಳೆಯದಾಗಿತ್ತು. ಸಮುದ್ರ ದೂರ, ಒಪ್ಪೋಣ. ಆದರೆ ದುಡ್ಡು ತಾಜಾ ಮೀನಿಂದೇ ತಗೋತಾರೆ, ಅಲ್ವಾ? ನೀರುದೋಸೆ ಪರವಾಗಿಲ್ಲ. ಕೆಸುವಿನೆಲೆಯ ಪತ್ರೊಡೆ ಬೇಕಿದ್ದರೆ ಮಳೆಗಾಲದಲ್ಲಿ, ಎಲೆ ಎಳೆಯದಾಗಿರುವಾಗ ಹೋಗಿ.