ಒಂದೇ ಮಾದರಿ, ಎರಡು ಪ್ಯಾನೆಲ್: 43 ಇಂಚಿನ ಎರಡು ಎಲ್‌ಸಿಡಿ ಟಿವಿಗಳ ಹೋಲಿಕೆ

ನಾನು ಕೊಂಡ 43 ಇಂಚಿನ 4ಕೆ ಟಿವಿಯನ್ನು ಮೆಚ್ಚಿಕೊಂಡ ಅಕ್ಕ ಆರು ತಿಂಗಳ ನಂತರ ಅದೇ ಕಂಪನಿಯ ಅದೇ ಮಾದರಿಯನ್ನು ತಂದಳು. ಪೆಟ್ಟಿಗೆಯ ಮೇಲಿನ ಹೆಸರು, ರಿಮೋಟ್, ಮೆನು ಎಲ್ಲವೂ ಒಂದೇ. ಆದರೂ ಮೊದಲ ರಾತ್ರಿಯೇ ಫೋನ್ ಮಾಡಿ, "ನಿಮ್ಮನೇಲಿ ಕಪ್ಪು ಕಪ್ಪಾಗೇ ಇರುತ್ತೆ ಕಣೋ, ಇಲ್ಲಿ ಯಾಕೆ ಬೂದಿ ಬಳಿದ ಹಾಗಿದೆ?" ಎಂದು ಕೇಳಿದಳು. ನನ್ನ ಟಿವಿಯ ಸೆಟ್ಟಿಂಗ್‌ಗಳ ಅಂಕಿಗಳನ್ನೆಲ್ಲ ಬರೆದು ಕಳಿಸಿದೆ, ಅವಳು ಹಾಗೆಯೇ ಹೊಂದಿಸಿದಳು, ಬೂದಿ ಮಾತ್ರ ಹೋಗಲಿಲ್ಲ. ಕೊನೆಗೆ ಒಂದು ಭಾನುವಾರ ನನ್ನ ಟಿವಿಯನ್ನು ಅವಳ ಮನೆಗೇ ಒಯ್ದು ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದೆ.

ಪರದೆಯಲ್ಲಿ ಪೂರ್ತಿ ಬಿಳಿ ಚಿತ್ರವನ್ನು ತೋರಿಸಿ ಭೂತಗನ್ನಡಿ ಹಿಡಿದಾಗ ಕಾರಣ ತಿಳಿಯಿತು. ನನ್ನ ಟಿವಿಯ ಕೆಂಪು, ಹಸಿರು, ನೀಲಿ ಕಣಗಳು ನೆಟ್ಟಗಿನ ಪಟ್ಟಿಗಳಾಗಿದ್ದು ಒಂದೊಂದೂ ಎರಡು ಹೋಳಾದಂತೆ ಕಾಣುತ್ತಿದ್ದವು. ಅಕ್ಕನ ಟಿವಿಯಲ್ಲಿ ಅವು ಬಾಣದ ಮೊನೆಯಂತೆ ಬಾಗಿದ್ದವು. ಪ್ಯಾನೆಲ್, ಅಂದರೆ ಚಿತ್ರ ಮೂಡಿಸುವ ಗಾಜಿನ ಹಲಗೆ, ಎರಡರಲ್ಲೂ ಬೇರೆ ಬೇರೆ: ನನ್ನದು ವಿಎ ಎಂಬ ಬಗೆಯದು, ಅವಳದು ಐಪಿಎಸ್ ಎಂಬ ಬಗೆಯದು. ವಿಎಯಲ್ಲಿ ವಿದ್ಯುತ್ ಹರಿಯದಿರುವಾಗ ದ್ರವಸ್ಫಟಿಕದ ಅಣುಗಳು ಗಾಜಿಗೆ ಲಂಬವಾಗಿ ನಿಂತು ಹಿಂಬದಿಯ ಬೆಳಕನ್ನು ಬಹುಮಟ್ಟಿಗೆ ತಡೆಯುತ್ತವೆ. ಐಪಿಎಸ್‌ನಲ್ಲಿ ಅವು ಗಾಜಿಗೆ ಸಮಾನಾಂತರವಾಗಿ ಮಲಗಿದಂತೆಯೇ ತಿರುಗುವುದರಿಂದ ಪಕ್ಕದಿಂದ ನೋಡಿದರೂ ಬಣ್ಣ ಹೆಚ್ಚು ಬದಲಾಗುವುದಿಲ್ಲ, ಆದರೆ ಬೆಳಕಿನ ಸೋರಿಕೆ ಹೆಚ್ಚು. ಸಾಮಾನ್ಯವಾಗಿ ಐಪಿಎಸ್‌ನ ಕಾಂಟ್ರಾಸ್ಟ್, ಅಂದರೆ ಕಪ್ಪಿಗಿಂತ ಬಿಳಿ ಎಷ್ಟು ಪಟ್ಟು ಬೆಳಗುತ್ತದೆ ಎಂಬ ಅಳತೆ, 1000:1ರ ಆಸುಪಾಸಿನಲ್ಲಿದ್ದರೆ ವಿಎಯದು 3000:1 ಅಥವಾ ಅದಕ್ಕೂ ಹೆಚ್ಚಿರುತ್ತದೆ.

ದೀಪ ಆರಿಸಿ, ರಾತ್ರಿಯ ಬಯಲಾಟದ ಒಂದೇ ವಿಡಿಯೋವನ್ನು ಎರಡರಲ್ಲೂ ಹಾಕಿದಾಗ ಈ ಅಂಕಿಗಳ ಅರ್ಥ ಕಣ್ಣಿಗೇ ಕಂಡಿತು. ವಿಎ ಪರದೆಯಲ್ಲಿ ವೇಷಧಾರಿಯ ಹಿಂದಿನ ಆಕಾಶ ಗೋಡೆಯ ಕತ್ತಲೆಯೊಡನೆ ಬೆರೆತು, ಕಿರೀಟದ ಬೇಗಡೆ ಮಾತ್ರ ಮಿನುಗುತ್ತಿತ್ತು. ಐಪಿಎಸ್‌ನಲ್ಲಿ ಅದೇ ಆಕಾಶ ಮಾಸಿದ ನೀಲಿಬೂದು ಬಣ್ಣಕ್ಕೆ ತಿರುಗಿತ್ತು, ಮೂಲೆಗಳಲ್ಲಂತೂ ಬೆಳಕು ಎದ್ದು ಕಾಣುತ್ತಿತ್ತು. ಆದರೆ ಅಡುಗೆಮನೆಯ ಬಾಗಿಲಲ್ಲಿ ಅವರೆಕಾಯಿ ಸುಲಿಯುತ್ತ ಓರೆಯಾಗಿ ನೋಡುತ್ತಿದ್ದ ಅಮ್ಮನಿಗೆ ಅಕ್ಕನ ಟಿವಿಯೇ ಇಷ್ಟವಾಯಿತು. ಅವರ ಪಕ್ಕದಲ್ಲಿ ಕುಳಿತು ನೋಡಿದೆ, ಅವರು ಹೇಳಿದ್ದು ನಿಜ: ಅಲ್ಲಿಂದ ನನ್ನ ಟಿವಿಯ ಮುಖವರ್ಣಿಕೆ ಬಿಳಿಚಿಕೊಂಡು, ಕೆಂಪು ಪೂರ್ತಿ ಕಳೆಗುಂದಿತ್ತು.

ಈ ಎರಡು ಗುಣಗಳನ್ನು ಯಾವ ಸೆಟ್ಟಿಂಗ್‌ನಿಂದಲೂ ಬದಲಾಯಿಸಲು ಬರುವುದಿಲ್ಲ. ಉಳಿದದ್ದನ್ನು ಬಹಳಷ್ಟು ಸರಿಪಡಿಸಬಹುದು, ಮತ್ತು ಅದನ್ನು ಆಯಾ ಟಿವಿಯ ಮುಂದೆ ಕುಳಿತೇ ಮಾಡಬೇಕು. ನನ್ನ ಅಂಕಿಗಳನ್ನು ಅಕ್ಕನಿಗೆ ಕಳಿಸಿದ್ದೇ ತಪ್ಪು. ಎರಡನ್ನೂ ಮೊದಲು ವಿವಿಡ್ ಮೋಡ್‌ನಿಂದ ಸಿನಿಮಾ ಮೋಡ್‌ಗೆ ತಂದು, ವಿದ್ಯುತ್ ಉಳಿತಾಯಕ್ಕೆಂದು ತಾನಾಗಿ ಬೆಳಕು ಏರಿಳಿಸುವ ಸೌಲಭ್ಯವನ್ನು ನಿಲ್ಲಿಸಿದೆ. ಈ ಟಿವಿಯಲ್ಲಿ ಬ್ಯಾಕ್‌ಲೈಟ್ ಬೇರೆ, ಬ್ರೈಟ್‌ನೆಸ್ ಬೇರೆ. ಹಿಂಬದಿಯ ದೀಪವನ್ನು ಏರಿಳಿಸುವುದು ಬ್ಯಾಕ್‌ಲೈಟ್. ಬ್ರೈಟ್‌ನೆಸ್ ನಿರ್ಧರಿಸುವುದು ಕಪ್ಪಿನ ಮಟ್ಟವನ್ನು. ಬೆಳಕಿನ ಮಟ್ಟಗಳನ್ನು 0ಯಿಂದ 255ರವರೆಗೆ ಎಣಿಸುವ 8 ಬಿಟ್‌ನ ಸಾಮಾನ್ಯ ವಿಡಿಯೋದಲ್ಲಿ ಕಪ್ಪು 16ರಲ್ಲಿ ಆರಂಭವಾಗಿ ಬಿಳಿ 235ರಲ್ಲಿ ಮುಗಿಯುತ್ತದೆ. ಈ ಮಟ್ಟಗಳನ್ನು ಪಟ್ಟಿಗಳಾಗಿ ತೋರಿಸುವ ಪರೀಕ್ಷಾ ಚಿತ್ರದಲ್ಲಿ 16ರ ಮಟ್ಟದ ಪಟ್ಟಿ ಹಿನ್ನೆಲೆಯಲ್ಲಿ ಕರಗಿ, ಅದರ ಮುಂದಿನ ಪಟ್ಟಿಗಳು ತುಸುವೇ ಗೋಚರಿಸುವಲ್ಲಿಗೆ ಬ್ರೈಟ್‌ನೆಸ್ ನಿಲ್ಲಿಸಬೇಕು. ಅಕ್ಕ ಬೂದಿಯನ್ನು ಓಡಿಸಲೆಂದು ಅದನ್ನು ತೀರ ಇಳಿಸಿದ್ದರಿಂದ ಪಾತ್ರಧಾರಿಗಳ ಕೂದಲಿನ ಎಳೆಗಳೇ ಮಾಯವಾಗಿದ್ದವು. ಬ್ರೈಟ್‌ನೆಸ್ ಮೇಲೆತ್ತಿ, ರಾತ್ರಿಗೆ ಬ್ಯಾಕ್‌ಲೈಟ್ ತಗ್ಗಿಸಿದಾಗ ಎಳೆಗಳೂ ಮರಳಿದವು, ಬೂದಿಯೂ ಸಹಿಸುವಷ್ಟಕ್ಕೆ ಇಳಿಯಿತು.

ಶಾರ್ಪ್‌ನೆಸ್ ವಿಷಯದಲ್ಲಿ ವಾರ್ತಾವಾಹಿನಿಯ ಕೆಳಗೆ ಓಡುವ ಕನ್ನಡ ಅಕ್ಷರಗಳಿಗಿಂತ ಒಳ್ಳೆಯ ಪರೀಕ್ಷೆಯಿಲ್ಲ. 50ರಲ್ಲಿದ್ದಾಗ ಒತ್ತಕ್ಷರಗಳ ಸುತ್ತ ಬಿಳಿ ಅಂಚು ಎದ್ದು, ಕೊಂಬು ದೀರ್ಘಗಳು ಒಂದಕ್ಕೊಂದು ಅಂಟಿಕೊಂಡಿದ್ದವು. 10ಕ್ಕೆ ಇಳಿಸಿದಾಗ ಅಂಚು ಹೋಗಿ ಅಕ್ಷರ ಸ್ವಚ್ಛವಾಯಿತು. ಅದೇ ಸಾಲಿನ ಕೆಳಭಾಗ ಕತ್ತರಿಸಿಹೋಗಿದ್ದರೆ, ಚಿತ್ರವನ್ನು ತುಸು ಹಿಗ್ಗಿಸಿ ಅಂಚುಗಳನ್ನು ಪರದೆಯಾಚೆ ತಳ್ಳುವ ಓವರ್‌ಸ್ಕ್ಯಾನ್ ನಿಲ್ಲಿಸಬೇಕು. ಬಿಳಿಯ ಛಾಯೆಯನ್ನು ನಿರ್ಧರಿಸುವ ಬಣ್ಣದ ತಾಪಮಾನವನ್ನು ವಾರ್ಮ್‌ಗೆ ಇಟ್ಟರೆ ಚಿತ್ರ ಸಾಮಾನ್ಯವಾಗಿ 6500 ಕೆಲ್ವಿನ್ ಎಂಬ ಮಾನದಂಡದ ಬಿಳುಪಿಗೆ ಹತ್ತಿರವಾಗುತ್ತದೆ. ಮೊದಲು ಹಳದಿಯೆನಿಸುವುದು ಸಹಜ, ನಾಲ್ಕು ದಿನ ಕಣ್ಣಿಗೆ ಅವಕಾಶ ಕೊಡಿ. ಸೆಕೆಂಡಿಗೆ 24 ಚೌಕಟ್ಟುಗಳಲ್ಲಿ ತೆಗೆದ ಸಿನಿಮಾವನ್ನು ಧಾರಾವಾಹಿಯಂತೆ ಜಾರಿಸುವ ಮೋಷನ್ ಸೌಲಭ್ಯವನ್ನು ನಾನು ಕ್ರಿಕೆಟ್‌ಗೆ ಮಾತ್ರ ಉಳಿಸಿಕೊಂಡಿದ್ದೇನೆ.

ರಾತ್ರಿ ದೀಪ ಆರಿಸಿ ಎದುರಿಗೇ ಕುಳಿತು ನೋಡುವವರಿಗೆ ವಿಎ, ಹಗಲಿನಲ್ಲಿ ಮನೆಮಂದಿಯೆಲ್ಲ ಹಜಾರದ ನಾಲ್ಕೂ ಮೂಲೆಯಿಂದ ನೋಡುವ ಮನೆಗೆ ಐಪಿಎಸ್ ಎಂಬುದು ನನ್ನ ಅಭಿಪ್ರಾಯ. ಆದರೆ ಆಯ್ಕೆಯೇ ನಮ್ಮ ಕೈಯಲ್ಲಿಲ್ಲದಂತೆ ಒಂದೇ ಮಾದರಿಯ ಹೆಸರಿನಲ್ಲಿ ಎರಡು ಬಗೆಯ ಪ್ಯಾನೆಲ್ ಮಾರುವುದು, ಪೆಟ್ಟಿಗೆಯ ಮೇಲೆ ಅದನ್ನು ಮುದ್ರಿಸದಿರುವುದು ಕೊಳ್ಳುವವರಿಗೆ ಮಾಡುವ ಅನ್ಯಾಯ. ಅಂಗಡಿಯವರಿಗೂ ಗೊತ್ತಿರಲಿಲ್ಲ, "ಎರಡೂ ಒಂದೇ ಸರ್" ಎಂದಷ್ಟೇ ಹೇಳಿದರು. ಆದ್ದರಿಂದ ಟಿವಿ ಕೊಳ್ಳಲು ಹೋಗುವಾಗ ಒಂದು ಭೂತಗನ್ನಡಿ, ಪೂರ್ತಿ ಬಿಳಿಯ ಮತ್ತು ಪೂರ್ತಿ ಕಪ್ಪಿನ ಚಿತ್ರಗಳಿರುವ ಒಂದು ಪೆನ್‌ಡ್ರೈವ್ ಜೊತೆಗಿರಲಿ. ಪ್ರದರ್ಶನಕ್ಕಿಟ್ಟದ್ದನ್ನು ನೋಡಿ ಒಪ್ಪಿಕೊಳ್ಳದೆ, ನಿಮ್ಮ ಮನೆಗೆ ಬರುವ ಟಿವಿಯ ಪೆಟ್ಟಿಗೆಯನ್ನೇ ಬಿಚ್ಚಿಸಿ, ಹಾಕಿಸಿ ನೋಡಿದ ಮೇಲೆ ಹಣ ಕೊಡಿ.