ಬಸುರಿಗೆ ಬಿಪಿ ಮೆಷಿನ್: ತೋಳಿನದ್ದೇ ತಗೊಳ್ಳಿ
ತಂಗಿಗೆ ಏಳನೇ ತಿಂಗಳಲ್ಲಿ ಬಿಪಿ ಏರತೊಡಗಿದಾಗ ಡಾಕ್ಟರ್ ಹೇಳಿ ತರಿಸಿದ ಡಿಜಿಟಲ್ ಮೆಷಿನ್ ಇದು, ತೋಳಿಗೆ ಪಟ್ಟಿ ಸುತ್ತುವಂಥದ್ದು. ಅಂಕಿ ದೊಡ್ಡದಾಗಿ ಕಾಣುತ್ತದೆ, ಹಳೆಯ ರೀಡಿಂಗ್ ಉಳಿಯುತ್ತದೆ. ಜೊತೆಗೆ ಬಂದ ಪಟ್ಟಿ ಮಾತ್ರ ಅವಳಿಗೆ ಬಿಗಿ. ಚಿಕ್ಕ ಪಟ್ಟಿ ಬಿಪಿ ಜಾಸ್ತಿ ತೋರಿಸುತ್ತದೆ ಅಂತ ನರ್ಸ್ ಹೇಳಿದ ಮೇಲೆ ಬೇರೆ ದುಡ್ಡು ಕೊಟ್ಟು ದೊಡ್ಡದು ತರಿಸಿದೆವು. ಅಡುಗೆಮನೆಯಿಂದ ಬಂದವಳೇ ಸುಮ್ನೆ ಬಟನ್ ಒತ್ತಿದರೆ ಆಗುವುದಿಲ್ಲ, ಐದು ನಿಮಿಷ ಬೆನ್ನೊರಗಿಸಿ ಕೂರಬೇಕು, ಮಾತಾಡಬಾರದು (ಅವಳಿಗೆ ಅದೇ ಕಷ್ಟ!). 140/90 ಮುಟ್ಟಿದರೆ ಡಾಕ್ಟರಿಗೆ ಫೋನ್, 160/110 ಆದರೆ ನೇರ ಆಸ್ಪತ್ರೆ. ಮೆಷಿನ್ ಒಂದನ್ನೇ ನಂಬಬೇಡಿ. ವಿಪರೀತ ತಲೆನೋವು, ಕಣ್ಣು ಮಂಜಾಗುವುದು, ಬಲಪಕ್ಕೆಯ ಕೆಳಗೆ ನೋವು, ಮುಖ ದಿಢೀರ್ ಊದುವುದು ಕಂಡರೆ ಅಂಕಿ ಸರಿಯಿದ್ದರೂ ಹೊರಡಿ. ಬಸುರಿಯಲ್ಲಿ ಬಿಪಿ ಏರಿದಾಗ ಮೂತ್ರದಲ್ಲಿ ಪ್ರೋಟೀನ್ ಹೋಗುವುದೂ ಅಪಾಯದ ಗುರುತೇ, ಅದು ಈ ಮೆಷಿನ್ನಿಗೆ ಗೊತ್ತಾಗುವುದಿಲ್ಲ ಅಲ್ವಾ?