ಕವಿತೆ ಕೇಳುವವರಿಗೆ ಲಿಬ್ರಿವಾಕ್ಸ್: ದೀರ್ಘಕಾಲದ ಬಳಕೆಯ ನಂತರ

ಲಿಬ್ರಿವಾಕ್ಸ್ ಎಂದೊಡನೆ ಹೆಚ್ಚಿನವರಿಗೆ ನೆನಪಾಗುವುದು ಉಚಿತವಾಗಿ ಸಿಗುವ ಹಳೆಯ ಇಂಗ್ಲಿಷ್ ಕಾದಂಬರಿಗಳ ಆಡಿಯೊ. ನಾನು ಅದನ್ನು ಹಲವು ವರ್ಷಗಳಿಂದ ಬಳಸುತ್ತ ಬಂದಿರುವುದು ಮುಖ್ಯವಾಗಿ ಕವಿತೆಗಳಿಗಾಗಿ. ಪದವಿ ತರಗತಿಗಳಿಗೆ ಇಂಗ್ಲಿಷ್ ಪಾಠ ಮಾಡುವ ಕೆಲಸಕ್ಕೆ ಸಹಾಯವಾದೀತೆಂದು ಆರಂಭಿಸಿದ್ದು ಆಮೇಲೆ ಕೇಳುವ ಚಟವಾಗಿ, ಕೊನೆಗೆ ಸಣ್ಣ ಕವಿತೆಗಳನ್ನು ಓದಿ ಕಳುಹಿಸುವ ಮತ್ತು ಇತರರು ಓದಿದ್ದನ್ನು ಪರಿಶೀಲಿಸುವ ಹವ್ಯಾಸವಾಗಿ ಬೆಳೆಯಿತು. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ: ಒಂದು ಕವಿತೆಯ ಒಂದು ಶ್ರೇಷ್ಠ ವಾಚನ ಬೇಕೆಂದು ಹೋಗುವವರಿಗೆ ಈ ತಾಣ ಹಲವು ಸಲ ನಿರಾಸೆ ಮಾಡುತ್ತದೆ, ಒಂದು ಕವಿತೆಯನ್ನು ಎಷ್ಟು ಬಗೆಯಲ್ಲಿ ಓದಬಹುದು ಎಂದು ತಿಳಿಯಬಯಸುವವರಿಗೆ ಇದಕ್ಕೆ ಸಮನಾದ ಬೇರೊಂದು ಜಾಗ ನನಗೆ ಗೊತ್ತಿಲ್ಲ.

ಹಿನ್ನೆಲೆಯನ್ನು ಸಂಕ್ಷಿಪ್ತವಾಗಿ ಹೇಳುವುದಾದರೆ, ಕೆನಡಾದ ಮಾಂಟ್ರಿಯಲ್‌ನ ಹ್ಯೂ ಮೆಕ್‌ಗ್ವಾಯರ್ 2005ರ ಆಗಸ್ಟ್‌ನಲ್ಲಿ ಇದನ್ನು ಆರಂಭಿಸಿದರು. ಜೋಸೆಫ್ ಕಾನ್ರಾಡ್‌ನ ಕಾದಂಬರಿಯೊಂದನ್ನು ಕೆಲವರು ಸ್ವಯಂಸೇವಕರು ಅಧ್ಯಾಯಗಳಾಗಿ ಹಂಚಿಕೊಂಡು ಓದಿದ್ದು ಮೊದಲ ಧ್ವನಿಮುದ್ರಣ. ಇಂದು ಪಟ್ಟಿಯಲ್ಲಿ 20,000ಕ್ಕೂ ಹೆಚ್ಚು ಕೃತಿಗಳಿವೆ. ಓದಲು ಬೇಕಾದ ಪಠ್ಯ ಬಹುಮಟ್ಟಿಗೆ ಕೃತಿಸ್ವಾಮ್ಯ ಮುಗಿದ ಪುಸ್ತಕಗಳನ್ನು ಉಚಿತವಾಗಿ ಕೊಡುವ ಪ್ರಾಜೆಕ್ಟ್ ಗುಟೆನ್‌ಬರ್ಗ್ ತಾಣದಿಂದ ಬರುತ್ತದೆ, ಸಿದ್ಧವಾದ ಕಡತಗಳು ಇಂಟರ್ನೆಟ್ ಆರ್ಕೈವ್ ಎಂಬ ಡಿಜಿಟಲ್ ಸಂಗ್ರಹಾಲಯದಲ್ಲಿ ಉಳಿಯುತ್ತವೆ. ಕೇಳುವುದಕ್ಕೆ ಹಣ ಕೊಡಬೇಕಾಗಿಲ್ಲ, ಖಾತೆ ತೆರೆಯಬೇಕಾಗಿಲ್ಲ, ನಡುವೆ ಜಾಹೀರಾತು ಬರುವುದಿಲ್ಲ. ಓದಿದವರು ತಮ್ಮ ಧ್ವನಿಮುದ್ರಣವನ್ನೂ ಪಬ್ಲಿಕ್ ಡೊಮೈನ್‌ಗೆ, ಅಂದರೆ ಸಾರ್ವಜನಿಕ ಸ್ವತ್ತಾಗಿ, ಬಿಟ್ಟುಕೊಡುತ್ತಾರೆ.

ಇದರ ಗುಣದೋಷಗಳೆರಡೂ ಹುಟ್ಟುವುದು ಒಂದೇ ನಿಯಮದಿಂದ. ಇಲ್ಲಿ ಓದುವವರಿಗೆ ಧ್ವನಿ ಪರೀಕ್ಷೆ ಇಲ್ಲ. ಹೊಸಬರು ಒಂದು ನಿಮಿಷದ ಮಾದರಿಯನ್ನು ಕಳುಹಿಸಬೇಕು, ನಿಜ. ಆದರೆ ಅದರಲ್ಲಿ ನೋಡುವುದು ಮೈಕ್ ಸರಿಯಾಗಿದೆಯೇ, ಹಿನ್ನೆಲೆಯ ಸದ್ದು ಎಷ್ಟಿದೆ ಎಂಬುದನ್ನಷ್ಟೆ. ಉಚ್ಚಾರಣೆ ಯಾವ ದೇಶದ್ದು, ಭಾವ ಸಾಲದೆ ಹೋಯಿತೇ, ಧ್ವನಿ ಇಂಪಾಗಿದೆಯೇ ಎಂಬ ಪ್ರಶ್ನೆಗಳನ್ನು ಯಾರೂ ಎತ್ತುವುದಿಲ್ಲ. ಪರಿಶೀಲಕರ ಕೆಲಸವೂ ಅಷ್ಟಕ್ಕೇ ಸೀಮಿತ: ಸಾಲು ಬಿಟ್ಟುಹೋಗಿದೆಯೇ, ಪದ ಎರಡು ಸಲ ಬಂದಿದೆಯೇ, ನಡುವೆ ಬಾಗಿಲು ಬಡಿದ ಸದ್ದು ಉಳಿದಿದೆಯೇ ಎಂದು ಕೇಳಿ, ನಿಮಿಷ ಮತ್ತು ಸೆಕೆಂಡಿನ ಸಮೇತ ಬರೆದು ತಿಳಿಸುವುದು. ಗದ್ಯಕ್ಕೆ ಇಷ್ಟು ಸಾಕಾದೀತು. ಕವಿತೆಯಲ್ಲಿ ಒಂದೂ ಪದ ತಪ್ಪದೆ ಓದಿ ಇಡೀ ಕವಿತೆಯನ್ನು ಕೊಂದುಹಾಕುವುದು ಸಾಧ್ಯವಿರುವುದರಿಂದ ಕೇಳುಗ ಎಚ್ಚರದಿಂದ ಆರಿಸಿಕೊಳ್ಳಬೇಕಾಗುತ್ತದೆ.

ಹಾಗಿದ್ದೂ ನಾನು ಈ ನಿಯಮದ ಪರವಾಗಿಯೇ ಇರುವುದಕ್ಕೆ ಕಾರಣ ಇಲ್ಲಿನ ಬಹುವಾಚನಗಳು. ಒಂದು ಸಣ್ಣ ಕವಿತೆಯನ್ನು ವಾರಕ್ಕೊಂದರಂತೆ ಆರಿಸಿ, ಇಷ್ಟವಿದ್ದವರೆಲ್ಲ ಅದನ್ನೇ ಓದಿ ಕಳುಹಿಸುವ ಪದ್ಧತಿ ಇಲ್ಲಿದೆ. ತುಸು ದೀರ್ಘವಾದ ಕವಿತೆಗಳಿಗೆ ಎರಡು ವಾರದ ಅವಧಿ. ಹೀಗೆ ಬಂದ ಎಲ್ಲ ವಾಚನಗಳೂ ಒಂದೇ ಪುಟದಲ್ಲಿ ಸಾಲಾಗಿ ಪ್ರಕಟವಾಗುತ್ತವೆ. ಎಡ್ಗರ್ ಅಲನ್ ಪೋ 1845ರಲ್ಲಿ ಪ್ರಕಟಿಸಿದ ‘ದಿ ರೇವನ್’ ಕವಿತೆಯ ಬೇರೆ ಬೇರೆ ವಾಚನಗಳನ್ನು ಒಂದಾದ ಮೇಲೊಂದು ಕೇಳಿದವರಿಗೆ ಇದರ ಬೆಲೆ ತಿಳಿಯುತ್ತದೆ. ಆ ಕವಿತೆಯ ಸಾಲು ಎಂಟು ಗಣಗಳ ಉದ್ದದ್ದು. ಪ್ರತಿ ಗಣದ ಮೊದಲ ಅಕ್ಷರಕ್ಕೇ ಒತ್ತು ಬೀಳುವುದರಿಂದ ಓದುವವರನ್ನು ಅದು ಹಿಂದಿನಿಂದ ನೂಕುತ್ತಲೇ ಇರುತ್ತದೆ. ಒಬ್ಬರು ಆ ನೂಕಿಗೆ ಒಪ್ಪಿಸಿಕೊಂಡು ತಾಳ ಹಾಕಿದಂತೆ ಓದುತ್ತಾರೆ, ಅರ್ಧ ದಾರಿಯಲ್ಲಿ ಅದು ಮಗ್ಗಿ ಹೇಳಿದಂತಾಗುತ್ತದೆ. ಇನ್ನೊಬ್ಬರು ಒಳಪ್ರಾಸಗಳನ್ನು ಮರೆಮಾಚಿ, ರಾತ್ರಿ ನಿದ್ದೆ ಬಾರದವನೊಬ್ಬ ತನ್ನ ಕಥೆಯನ್ನು ಹೇಳಿಕೊಳ್ಳುವಂತೆ ಓದುತ್ತಾರೆ. ಆಗ ಪ್ರಾಸ ಕಿವಿಗೆ ಬೀಳುವ ಮೊದಲೇ ಭಯ ಬಂದು ಮುಟ್ಟುತ್ತದೆ. ಕವಿತೆಯಲ್ಲಿ ಮಾತಾಡುವ ಕಾಗೆಯಂಥ ಹಕ್ಕಿಯ ‘ನೆವರ್‌ಮೋರ್’ (ಇನ್ನೆಂದಿಗೂ ಇಲ್ಲ) ಎಂಬ ಒಂದೇ ಪದದ ಉತ್ತರವನ್ನು ಕೆಲವರು ಪ್ರತಿ ಸಲವೂ ಗೊಗ್ಗರು ದನಿಯಲ್ಲಿ ಹೇಳಿ ನಾಟಕ ಮಾಡಿದರೆ, ಕೆಲವರು ಯಾವ ಬಣ್ಣವೂ ಇಲ್ಲದೆ ಹೇಳಿ ಸುಮ್ಮನಾಗುತ್ತಾರೆ. ನನಗೆ ಮೆಚ್ಚಿಗೆಯಾದದ್ದು ಎರಡನೆಯದು, ಏಕೆಂದರೆ ಕವಿತೆಯ ಪ್ರಕಾರವೇ ಆ ಹಕ್ಕಿಗೆ ತಾನು ಹೇಳುತ್ತಿರುವುದೇನೆಂದು ಗೊತ್ತಿರಬೇಕಾಗಿಲ್ಲ. ಇಂಥ ತೀರ್ಮಾನಕ್ಕೆ ಬರುವಷ್ಟು ಸಾಮಗ್ರಿ ಒಬ್ಬನೇ ಪ್ರಸಿದ್ಧ ನಟನ ವಾಚನದಲ್ಲಿ ಸಿಗುವುದಿಲ್ಲ.

ಕನ್ನಡಿಗರಿಗೆ ಹತ್ತಿರದ ಉದಾಹರಣೆಯೊಂದಿದೆ. ಬಿ.ಎಂ. ಶ್ರೀಕಂಠಯ್ಯನವರ ‘ಇಂಗ್ಲಿಷ್ ಗೀತಗಳು’ ಮೂಲಕ ನಮ್ಮ ಶಾಲೆಯ ಮಕ್ಕಳಿಗೂ ಪರಿಚಿತವಾದ ‘ವಸಂತ ಬಂದ’ ಪದ್ಯದ ಮೂಲ ಥಾಮಸ್ ನ್ಯಾಶ್‌ನದು; ಪಾಲ್‌ಗ್ರೇವ್ 1861ರಲ್ಲಿ ಹೊರತಂದ ‘ಗೋಲ್ಡನ್ ಟ್ರೆಷರಿ’ ಸಂಕಲನ ಶುರುವಾಗುವುದೇ ಅದರಿಂದ. ಆ ಪದ್ಯದ ಪ್ರತಿ ನುಡಿಯ ಕೊನೆಗೆ ಬರುವ ಹಕ್ಕಿಗಳ ಕೂಗಿನ ಸಾಲನ್ನು ಗಟ್ಟಿಯಾಗಿ ಓದುವುದು ಹೇಗೆ? ಕೂಗಿದರೆ ಮಕ್ಕಳಾಟವಾಗುತ್ತದೆ, ಬರಿದೆ ಓದಿದರೆ ಸಂತೆಗೆ ಸಾಮಾನಿನ ಪಟ್ಟಿ ಓದಿದಂತಾಗುತ್ತದೆ. ಮೈಕ್ ಮುಂದೆ ಒಬ್ಬಂಟಿಯಾಗಿ ಕುಳಿತ ಹವ್ಯಾಸಿಗೆ ಇಲ್ಲಿ ಆಗುವ ಸಂಕೋಚವನ್ನು ಧ್ವನಿಯಲ್ಲೇ ಗುರುತಿಸಬಹುದು. ತರಗತಿಯಲ್ಲಿ ಇಂಥದನ್ನು ಕೇಳಿಸಿದ ಮೇಲೆ, ಕನ್ನಡ ಮಾಧ್ಯಮದಿಂದ ಬಂದ ವಿದ್ಯಾರ್ಥಿಗಳಿಗೂ ಇಂಗ್ಲಿಷ್ ಕವಿತೆಯನ್ನು ಬಾಯಿಬಿಟ್ಟು ಓದುವ ಧೈರ್ಯ ಬರುತ್ತದೆ ಎಂಬುದು ನಾನು ಮತ್ತೆ ಮತ್ತೆ ಗಮನಿಸಿದ ಸಂಗತಿ. ಓದುತ್ತಿರುವವರು ತಮ್ಮಂಥವರೇ, ಅವರ ಉಚ್ಚಾರಣೆಯೂ ನೂರೆಂಟು ಬಗೆಯದು ಎಂದು ಅವರಿಗೆ ಗೊತ್ತಾಗುತ್ತದೆ.

ದೀರ್ಘ ಕಾವ್ಯಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಇಷ್ಟು ಉದಾರವಾಗಿಲ್ಲ. ಮಿಲ್ಟನ್‌ನ ‘ಪ್ಯಾರಡೈಸ್ ಲಾಸ್ಟ್’ ಹತ್ತು ಸಾವಿರಕ್ಕೂ ಹೆಚ್ಚು ಸಾಲುಗಳ ಕಾವ್ಯ, ಅದರ ಮೊದಲ ವಾಕ್ಯದ ಮುಖ್ಯ ಕ್ರಿಯಾಪದ ಬರುವುದು ಆರನೆಯ ಸಾಲಿನಲ್ಲಿ. ಐದು ಸಾಲುಗಳ ಭಾರವನ್ನು ಹೊತ್ತುಕೊಂಡೇ ಉಸಿರನ್ನು ಅಲ್ಲಿಯವರೆಗೆ ಒಯ್ಯಬಲ್ಲವರು ಓದಿದರೆ ಮಾತ್ರ ಅರ್ಥ ತೆರೆದುಕೊಳ್ಳುತ್ತದೆ. ಪ್ರತಿ ಸಾಲಿನ ಅಂಚಿನಲ್ಲೂ ನಿಲ್ಲುವವರು ಓದಿದರೆ ಕೇಳುಗನ ಕೈಯಲ್ಲಿ ಉಳಿಯುವುದು ಬಿಡಿ ಪದಗಳಷ್ಟೆ. ಗಮಕಿಗಳ ಬಾಯಲ್ಲಿ ಕುಮಾರವ್ಯಾಸನನ್ನು ಕೇಳಿ ಬೆಳೆದ ಕಿವಿಗೆ ಇದು ಬೇಗ ಗೊತ್ತಾಗುತ್ತದೆ. ಭಾಮಿನಿ ಷಟ್ಪದಿಯ ಮೂರು ನಾಲ್ಕು ಮಾತ್ರೆಗಳ ಓಟ ಕೆಡದಂತೆ, ವಾಕ್ಯ ಎಲ್ಲಿ ಮುಗಿಯುತ್ತದೋ ಅಲ್ಲಿಯೇ ಅರ್ಥವನ್ನು ಇಳಿಸುವುದು ನುರಿತ ಗಮಕಿಯ ಕೌಶಲ, ಅದಕ್ಕೆ ವರ್ಷಗಳ ಸಾಧನೆ ಬೇಕು. ಸ್ವಯಂಸೇವಕರಿಂದ ಅಷ್ಟನ್ನು ನಿರೀಕ್ಷಿಸುವುದು ನ್ಯಾಯವಲ್ಲ. ಆದ್ದರಿಂದ ಮಹಾಕಾವ್ಯಗಳಿಗೆ ಲಭ್ಯವಿರುವ ಎಲ್ಲ ಆವೃತ್ತಿಗಳ ಮೊದಲ ಐದು ನಿಮಿಷಗಳನ್ನು ಕೇಳಿ, ಒಬ್ಬರೇ ಆದ್ಯಂತ ಓದಿರುವ ಆವೃತ್ತಿಗೆ ಆದ್ಯತೆ ಕೊಡಿ ಎಂಬುದೇ ನನ್ನ ಸಲಹೆ. ಹಲವರು ಹಂಚಿಕೊಂಡು ಓದಿದ್ದರಲ್ಲಿ ಸರ್ಗದಿಂದ ಸರ್ಗಕ್ಕೆ ಧ್ವನಿಯ ಮಟ್ಟ, ವೇಗ, ಕೋಣೆಯ ಗುಂಯ್‌ಗುಡುವಿಕೆ ಎಲ್ಲವೂ ಬದಲಾಗುತ್ತವೆ.

ಸಣ್ಣ ಕವಿತೆಗಳಿಗೂ ಒಂದು ಕಿರಿಕಿರಿ ಇದೆ. ಪ್ರತಿ ಕಡತದ ಆರಂಭದಲ್ಲಿ ಕವಿತೆಯ, ಕವಿಯ ಮತ್ತು ಓದುಗರ ಹೆಸರು ಬರುತ್ತದೆ. ಕೊನೆಯಲ್ಲಿ ಕವಿತೆ ಮುಗಿಯಿತು, ಈ ಧ್ವನಿಮುದ್ರಣ ಸಾರ್ವಜನಿಕ ಸ್ವತ್ತು ಎಂಬ ಘೋಷಣೆ. ಎಂಟು ಸಾಲಿನ ಕವಿತೆಗೆ ಈ ಹಿಂದುಮುಂದಿನ ಮಾತುಗಳೇ ಹೊರೆ. ಇದಾದ ಮೇಲೆ ಐದು ಸೆಕೆಂಡುಗಳ ಮೌನ ಇರಲೇಬೇಕೆಂಬ ನಿಯಮವೂ ಇದೆ. ಆ ಮೌನ ಘೋಷಣೆಯ ಮುಂಚೆ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು! ಕೊನೆಯ ಸಾಲು ಇನ್ನೂ ಕಿವಿಯಲ್ಲಿರುವಾಗಲೇ ಕಾನೂನಿನ ಮಾತು ನುಗ್ಗುತ್ತದೆ, ಅದಕ್ಕೆ ಐದು ಸೆಕೆಂಡು ಗೌರವ ಸಲ್ಲುತ್ತದೆ.

ಪಠ್ಯದ ಪ್ರಶ್ನೆ ಇದಕ್ಕಿಂತ ಗಂಭೀರವಾದದ್ದು, ಬಹಳ ಕೇಳುಗರಿಗೆ ಅದರ ಅರಿವೂ ಇರುವುದಿಲ್ಲ. ಎಮಿಲಿ ಡಿಕಿನ್ಸನ್ 1886ರಲ್ಲಿ ತೀರಿಕೊಂಡಾಗ ಆಕೆಯ ಸುಮಾರು 1,800 ಕವಿತೆಗಳಲ್ಲಿ ಅಚ್ಚಾಗಿದ್ದವು ಬೆರಳೆಣಿಕೆಯಷ್ಟು. 1890ರಲ್ಲಿ ಮೊದಲ ಸಂಕಲನ ಹೊರತಂದ ಸಂಪಾದಕರು ಪ್ರಾಸ ಸರಿಪಡಿಸಿ, ಆಕೆಯ ವಿಶಿಷ್ಟವಾದ ಅಡ್ಡಗೆರೆಗಳನ್ನು ತೆಗೆದು, ಆಕೆ ಕೊಡದಿದ್ದ ಶೀರ್ಷಿಕೆಗಳನ್ನು ಕೊಟ್ಟರು. ಸಾವು ತನ್ನನ್ನು ಗಾಡಿಯಲ್ಲಿ ಕರೆದೊಯ್ದ ಬಗೆಯನ್ನು ಹೇಳುವ ಆಕೆಯ ಅತಿ ಪ್ರಸಿದ್ಧ ಕವಿತೆಗೆ ‘ದಿ ಚಾರಿಯಟ್’ ಎಂದು ಹೆಸರಿಟ್ಟು, ಅದರ ಒಂದು ಇಡೀ ನುಡಿಯನ್ನೇ ಕೈಬಿಟ್ಟರು. ಹಸ್ತಪ್ರತಿಗಳನ್ನು ಅನುಸರಿಸಿದ ಥಾಮಸ್ ಜಾನ್ಸನ್ ಅವರ ಆವೃತ್ತಿ ಬಂದದ್ದು 1955ರಲ್ಲಿ, ಅದರ ಹಕ್ಕು ಹಾರ್ವರ್ಡ್ ವಿಶ್ವವಿದ್ಯಾಲಯದ ಬಳಿ ಇದೆ. ಹೀಗಾಗಿ ಸ್ವಯಂಸೇವಕರು ಮುಟ್ಟಬಹುದಾದದ್ದು ಹಳೆಯ, ತಿದ್ದಿದ ಪಠ್ಯವನ್ನು ಮಾತ್ರ. ಕವಯಿತ್ರಿ ಅಡ್ಡಗೆರೆ ಹಾಕಿ ಉಸಿರು ನಿಲ್ಲಿಸಿದ ಕಡೆಗಳಲ್ಲಿ ಓದುಗರು ಅಲ್ಪವಿರಾಮ ನೋಡಿಕೊಂಡು ಸಲೀಸಾಗಿ ಸಾಗಿಬಿಡುತ್ತಾರೆ, ತಪ್ಪು ಅವರದಲ್ಲ. ಪರೀಕ್ಷೆಗೆ ಓದುವ ವಿದ್ಯಾರ್ಥಿಗಳಿಗೆ ಡಿಕಿನ್ಸನ್ ಧ್ವನಿಮುದ್ರಣಗಳನ್ನು ಕೊಡುವ ಮುನ್ನ ನಾನು ಪುಸ್ತಕದ ಪಠ್ಯವನ್ನು ಪಕ್ಕದಲ್ಲಿಟ್ಟು ವ್ಯತ್ಯಾಸ ಗುರುತು ಹಾಕಿಸುತ್ತೇನೆ.

ಯಾವ ಕವಿತೆ ಇಲ್ಲಿ ಸಿಗುತ್ತದೆ, ಯಾವುದು ಸಿಗುವುದಿಲ್ಲ ಎಂಬುದನ್ನು ನಿರ್ಧರಿಸುವುದು ಅಮೆರಿಕದ ಕೃತಿಸ್ವಾಮ್ಯ ಕಾನೂನು. ಇಪ್ಪತ್ತನೆಯ ಶತಮಾನದ ಆರಂಭದ ಕೃತಿಗಳು ಪ್ರಕಟವಾಗಿ 95 ವರ್ಷ ತುಂಬಿದ ಮೇಲೆ ಅಲ್ಲಿ ಮುಕ್ತವಾಗುತ್ತವೆ. 1998ರ ತಿದ್ದುಪಡಿಯಿಂದ ಇಪ್ಪತ್ತು ವರ್ಷ ಸ್ಥಗಿತವಾಗಿದ್ದ ಈ ಬಿಡುಗಡೆ ಮತ್ತೆ ಆರಂಭವಾದದ್ದು 2019ರ ಜನವರಿ 1ರಂದು, ಹಿಮದ ಸಂಜೆ ಕಾಡಿನ ಬಳಿ ನಿಲ್ಲುವ ರಾಬರ್ಟ್ ಫ್ರಾಸ್ಟ್‌ನ 1923ರ ಕವಿತೆ ಮುಕ್ತವಾದದ್ದು ಆಗಲೇ. ಭಾರತದ ಲೆಕ್ಕ ಬೇರೆ: ಇಲ್ಲಿ ಎಣಿಸುವುದು ಲೇಖಕರ ಮರಣಾನಂತರದ 60 ವರ್ಷಗಳನ್ನು. ಎಲಿಯಟ್‌ನ ‘ದಿ ವೇಸ್ಟ್ ಲ್ಯಾಂಡ್’ 1922ರದ್ದಾದ್ದರಿಂದ ಅಮೆರಿಕದಲ್ಲಿ ಬಹಳ ಹಿಂದೆಯೇ ಮುಕ್ತವಾಗಿದ್ದರೂ, ಕವಿ 1965ರಲ್ಲಿ ನಿಧನನಾದ ಕಾರಣ ನಮ್ಮಲ್ಲಿ ಅದರ ಕೃತಿಸ್ವಾಮ್ಯ 2025ರ ಡಿಸೆಂಬರ್‌ವರೆಗೆ ಇತ್ತು. ತಾಣವೇ ಎಚ್ಚರಿಸುವಂತೆ, ತಮ್ಮ ದೇಶದ ಕಾನೂನನ್ನು ನೋಡಿಕೊಳ್ಳುವುದು ಕೇಳುಗರ ಹೊಣೆ. ಕನ್ನಡಕ್ಕೆ ಈ ಎರಡು ಲೆಕ್ಕಗಳನ್ನೂ ಒಟ್ಟಿಗೆ ಹಚ್ಚಿ ನೋಡಬೇಕು. ಪಂಪಭಾರತವನ್ನು ಬಿ.ಎಲ್. ರೈಸ್ ಅಚ್ಚು ಹಾಕಿಸಿದ್ದು 1898ರಲ್ಲಿ, ಅದಕ್ಕೆ ಅಡ್ಡಿಯಿಲ್ಲ. ಬಿ.ಎಂ.ಶ್ರೀ ತೀರಿಕೊಂಡದ್ದು 1946ರಲ್ಲಿ, ಅವರ ಇಪ್ಪತ್ತರ ದಶಕದ ಗೀತೆಗಳಿಗೂ ದಾರಿ ತೆರೆದಿದೆ. ಡಿ.ವಿ.ಜಿ.ಯವರ ಕಗ್ಗಕ್ಕೆ ನಮ್ಮ ಕಾನೂನಿನ ಪ್ರಕಾರ 2035 ಮುಗಿಯಬೇಕು, ಬೇಂದ್ರೆಯವರ ಕವಿತೆಗಳಿಗೆ 2041. ನಮ್ಮ ಗಮಕಿಗಳೂ ಅಧ್ಯಾಪಕರೂ ಮನಸ್ಸು ಮಾಡಿದರೆ ಹಳಗನ್ನಡ, ನಡುಗನ್ನಡ ಕಾವ್ಯಗಳ ರಾಶಿಯೇ ಕಾದಿದೆ, ಆದರೆ ಆಧಾರವಾಗಿ ಹಳೆಯ ಮುದ್ರಣವನ್ನೇ ಹಿಡಿಯಬೇಕು.

ಓದಿ ಕಳುಹಿಸುವ ವ್ಯವಸ್ಥೆಯ ಬಗ್ಗೆ ಹೇಳುವುದಾದರೆ, ಅದು ನೋಡಲು ಹಳೆಯ ಕಾಲದ್ದು, ನಡೆಯುವುದು ಮಾತ್ರ ಅಚ್ಚುಕಟ್ಟಾಗಿ. ಸಾಧಾರಣ ಯುಎಸ್‌ಬಿ ಮೈಕ್, ಉಚಿತವಾಗಿ ಸಿಗುವ ಆಡಾಸಿಟಿ ತಂತ್ರಾಂಶ ಇಷ್ಟಿದ್ದರೆ ಸಾಕು. ಕಡತ 128 ಕಿಲೋಬಿಟ್‌ನ, 44.1 ಕಿಲೋಹರ್ಟ್ಸ್‌ನ ಎಂಪಿ3 ಆಗಿರಬೇಕು, ಧ್ವನಿಯ ಮಟ್ಟ 89 ಡೆಸಿಬೆಲ್ ಆಸುಪಾಸಿನಲ್ಲಿರಬೇಕು. ಇವನ್ನು ಅಳೆದು ಹೇಳುವ ಸಣ್ಣ ತಂತ್ರಾಂಶವನ್ನೂ ಅವರೇ ಒದಗಿಸುತ್ತಾರೆ. ನಮ್ಮ ಊರುಗಳಲ್ಲಿ ನಿಜವಾದ ತೊಡಕು ಸೀಲಿಂಗ್ ಫ್ಯಾನು. ಬೇಸಿಗೆಯಲ್ಲಿ ಅದನ್ನು ಆರಿಸಿ, ಕಿಟಕಿ ಮುಚ್ಚಿ, ಪಕ್ಕದ ಮನೆಯ ಕುಕ್ಕರ್ ಕೂಗುವ ಮೊದಲೇ ಒಂದು ಸಾನೆಟ್ ಮುಗಿಸುವುದು ಬೆವರಿಳಿಸುವ ಕೆಲಸವೇ ಸರಿ. ಪರಿಶೀಲಕರ ಭಾಷೆ ಸದಾ ಸೌಜನ್ಯದಿಂದ ಕೂಡಿರುತ್ತದೆ, ತಿದ್ದುವುದಕ್ಕೆ ಸಮಯವನ್ನೂ ಕೊಡುತ್ತಾರೆ.

ಧ್ವನಿಯನ್ನು ಸಾರ್ವಜನಿಕ ಸ್ವತ್ತಾಗಿ ಕೊಟ್ಟಮೇಲೆ ಅದು ಎಲ್ಲಿಗೆ ಬೇಕಾದರೂ ಹೋಗಬಹುದು ಎಂಬುದನ್ನು ಹೊಸಬರು ಮೊದಲೇ ಅರಿತಿರಬೇಕು. ಈ ಧ್ವನಿಮುದ್ರಣಗಳಿಗೆ ಜಾಹೀರಾತು ಸೇರಿಸಿ, ಇಲ್ಲವೇ ಬೆಲೆ ಕಟ್ಟಿ ಮಾರುವವರಿದ್ದಾರೆ, ಕಾನೂನಿನಂತೆ ಅದು ತಪ್ಪಲ್ಲ. 2015ರಲ್ಲಿ ಸಿದ್ಧವಾದ ‘ಲಿಬ್ರಿಸ್ಪೀಚ್’ ಎಂಬ ಸುಮಾರು 1,000 ಗಂಟೆಗಳ ದತ್ತಾಂಶ ಈ ಸ್ವಯಂಸೇವಕರ ಓದಿನಿಂದಲೇ ಆಯ್ದದ್ದು. ಮಾತನ್ನು ಅಕ್ಷರಕ್ಕಿಳಿಸುವ ಯಂತ್ರಗಳನ್ನು ತರಬೇತಿಗೊಳಿಸಲು ಮತ್ತು ಅಳೆಯಲು ಸಂಶೋಧಕರು ಅದನ್ನು ವ್ಯಾಪಕವಾಗಿ ಬಳಸಿದ್ದಾರೆ. ನನಗೆ ಇದರಲ್ಲಿ ಬೇಸರವಿಲ್ಲ, ಆದರೆ ಬೇಸರಪಡುವವರ ಮಾತನ್ನು ತಳ್ಳಿಹಾಕಲಾರೆ.

ಕೊನೆಯದಾಗಿ ಹುಡುಕುವ ವಿಷಯ. ಕವಿಯ ಹೆಸರಿನಿಂದ ಹುಡುಕಿದರೆ ಇಡೀ ಸಂಕಲನಗಳು ಸುಲಭವಾಗಿ ಸಿಗುತ್ತವೆ. ಹಲವು ಕವಿಗಳನ್ನು ಕೂಡಿಸಿದ ಸಣ್ಣ ಕವಿತೆಗಳ ಸಂಗ್ರಹಗಳ ಒಳಗೆ ಅಡಗಿರುವ ಒಂದು ಬಿಡಿ ಕವಿತೆಯನ್ನು ಹಿಡಿಯಲು ತಾಳ್ಮೆ ಬೇಕು. ಮೆಚ್ಚಿದ ವಾಚನ ಸಿಕ್ಕ ಕೂಡಲೇ ಓದಿದವರ ಹೆಸರಿನ ಮೇಲೆ ಒತ್ತಿ, ಅವರು ಓದಿದ ಉಳಿದೆಲ್ಲವನ್ನೂ ನೋಡಿಬಿಡುವುದು ಇದಕ್ಕಿಂತ ಲಾಭದಾಯಕ. ಮೊಬೈಲ್ ಡೇಟಾ ಉಳಿಸಬೇಕೆನ್ನುವವರು 64 ಕಿಲೋಬಿಟ್‌ನ ಕಡತವನ್ನು ಇಳಿಸಿಕೊಳ್ಳಬಹುದು, ಒಂದೇ ಧ್ವನಿಯ ಓದಿಗೆ ಅದು ಧಾರಾಳವಾಗಿ ಸಾಕು.